ಹೊರಕ್ಕೆ ಮುಖ ಮಾಡಿದ ಚಪ್ಪಲಿ

ನನ್ನ ಗಂಡ ಗಿಸಾಕು ಬಿಸಿನೀರಿನ ಬುಗ್ಗೆಯ ಪಕ್ಕದ ವಸತಿಗೃಹದಲ್ಲಿ ಚಪ್ಪಲಿ ಕಾಯುತ್ತಿದ್ದ. ಬಂದವರು ಬಾಗಿಲಲ್ಲಿ ಬಿಟ್ಟದ್ದನ್ನು ಮಣ್ಣು ಒರೆಸಿ, ಹೊರಕ್ಕೆ ಮುಖ ಮಾಡಿ ಜೋಡಿಸಿಡುವುದು, ಇಷ್ಟೇ ಅವನ ಬದುಕು. ಅವನಿಗೇ ಎರಡೂ ಪಾದಗಳಿರಲಿಲ್ಲ. ಅದನ್ನು ಕಂಡು ನಕ್ಕ ಅತಿಥಿಗಳಿಗೆ ನಾನು ಸಾರಿಗೆ ಉಪ್ಪು ಸುರಿದು ಬಡಿಸಿದ್ದುಂಟು.

ಪಾದ ಹೋದ ದಿನವೇ ನಾನು ಅವನನ್ನು ಮೊದಲು ಕಂಡದ್ದು. ಆಗ ನಾನು ಒಣಮೀನು ಹೊತ್ತು ಮಾರುತ್ತಿದ್ದೆ. ಘಾಟಿಯಲ್ಲಿ ಬಸ್ಸು ಕೆಟ್ಟಿತು. ನಡೆದೇ ಹೋಗೋಣವೆಂದು ಇಳಿದವರು ಮೂವರು: ನಾನು, ಗಿಸಾಕು, ಮನೆಮನೆಗೆ ಔಷಧಿ ಮಾರುವ ಹಮಾಗುಚಿ. ಒಬ್ಬರಿಗೊಬ್ಬರ ಗುರುತಿಲ್ಲ; ಗಿಸಾಕು ವಸತಿಗೃಹದಲ್ಲಿ ಚಪ್ಪಲಿ ಕಾಯುವವನು, ರಜೆಯ ಮೇಲೆ ಹೊರಟವನು ಎಂಬುದು ದಾರಿಯ ಮಾತಿನಲ್ಲಿ ತಿಳಿದದ್ದು. ಮಂಜು ಕವಿದು ದಾರಿ ತಪ್ಪಿತು. ನಾನು ಎಂದೂ ಮನೆ ಕಂಡಿರದ ಆ ಘಾಟಿಯಲ್ಲಿ ದೊಡ್ಡ ಮನೆಯೊಂದು ಕಂಡಿತು. ಬಾಗಿಲಲ್ಲಿ ಒಬ್ಬ ಮುದುಕಿ ಬಗ್ಗಿ ವಂದಿಸುತ್ತಿದ್ದಳು, ತಲೆ ಎತ್ತಲೇ ಇಲ್ಲ.

ಎಂಥ ಗಾಬರಿಯಲ್ಲೂ ಚಪ್ಪಲಿ ಬಿಡದೆ ಒಳಗೆ ಕಾಲಿಡುವ ಜನ ನಾವಲ್ಲ. ಬಿಟ್ಟೆವು. ಗಿಸಾಕು ಕುಕ್ಕರುಗಾಲಲ್ಲಿ ಕೂತು ಮೂರು ಜೊತೆಯನ್ನೂ ಹೊರಕ್ಕೆ ತಿರುಗಿಸಿದ.

"ಏನಯ್ಯಾ, ರಜಾ ದಿನಾನೂ ಚಾಕರಿ ಬುದ್ಧಿ ಬಿಡಲ್ವಾ?" ಹಮಾಗುಚಿ ನಕ್ಕ. "ಇನ್ನೂ ಟೀ ಕುಡಿದಿಲ್ಲ, ಆಗ್ಲೇ ಓಡ್ಸೋ ಹಾಗೆ ಇಡ್ತೀಯಲ್ಲ!" ಕಾಲಿನಿಂದಲೇ ತನ್ನ ಬೂಟುಗಳನ್ನು ಒಳಮುಖ ಮಾಡಿದ.

ಮುದುಕಿ ಅನ್ನ ತಂದಳು. ಬಟ್ಟಲಿನಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ನಾಟಿದ್ದಳು, ಹೆಣದ ಮುಂದೆ ಇಡುವ ಹಾಗೆ. ಆಗ ಅವಳು ತಲೆ ಎತ್ತಿದಳು. ಕಣ್ಣಿಲ್ಲ, ಮೂಗಿಲ್ಲ, ಗಂಟಲತನಕ ಬರೀ ಹಲ್ಲು.

ಹಮಾಗುಚಿ ಎಲ್ಲರಿಗಿಂತ ಮೊದಲು ಓಡಿದ. ಬೂಟಿಗೆ ಕಾಲು ತೂರಿಸಿ ಹೊಸ್ತಿಲು ದಾಟಿದವನು ಹಿಂದಿನ ಅಡುಗೆಮನೆಯಿಂದ ಒಳಗೇ ಬಂದು ಬಿದ್ದ. ಮತ್ತೆ ದಾಟಿದ, ಮತ್ತೆ ಒಳಗೇ ಬಿದ್ದ. "ಅಯ್ಯಯ್ಯೋ, ಹೊರಗೆ ಹೋಗೋದು ಹೇಗ್ರೋ!" ಎಂದು ಕೂಗುತ್ತಿದ್ದಾಗಲೇ ಅವಳು ಅವನ ತೋಳು ಕಿತ್ತಳು, ಆಮೇಲೆ ಕತ್ತು. ಚಾಪೆಯೆಲ್ಲ ರಕ್ತವಾಯಿತು. ಬಾಯಿ ಕೂಡ ಒರೆಸಿಕೊಳ್ಳದೆ ಬಾಗಿಲಿಗೆ ಹೋಗಿ, ಪೊರಕೆಯಿಂದ ನಮ್ಮ ಚಪ್ಪಲಿಗಳನ್ನೂ ಒಳಕ್ಕೆ ತಿರುಗಿಸಿದಳು.

ಚಪ್ಪಲಿ ಮುಖ ಮಾಡಿದ ಕಡೆಗೇ ಹೊಸ್ತಿಲು ಒಯ್ಯುತ್ತದೆಂದು ಗಿಸಾಕುವಿಗೆ ಅರ್ಥವಾಯಿತು. ಒಲೆಯ ಮೇಲಿದ್ದ ಕುದಿನೀರಿನ ಕೆಟಲನ್ನು ಅವಳ ಮೇಲೆ ಎಸೆದು ಹೊಸ್ತಿಲ ಬಳಿ ಬೋರಲು ಬಿದ್ದ. ಅವಳು ಅವನ ಕಣಕಾಲುಗಳಿಗೆ ಬಾಯಿ ಹಾಕಿದಳು. ಮೂಳೆ ಮುರಿಯುವುದು ಕೇಳಿಸಿತು. ಅಂಥದರಲ್ಲೂ ಅವನ ಕೈ ಮೊದಲು ತಿರುಗಿಸಿದ್ದು ನನ್ನ ಚಪ್ಪಲಿಯನ್ನು.

"ಮೆಟ್ಕೊಂಡು ಓಡಮ್ಮಾ!" ಎಂದು ಅರಚಿದ.

"ನಿಂದು?"

"ನಂದು ಹಾಳಾಗ್ಲಿ, ಓಡು!"

ನಾನು ಯಾರ ಮಾತು ಕೇಳಿದವಳು? ನನ್ನದನ್ನು ಮೆಟ್ಟಿ, ಅವನದನ್ನು ತಿರುಗಿಸಿ, ಕಂಕುಳಿಗೆ ಕೈಕೊಟ್ಟು ಎಳೆದೆ. ಅವನು ಬಂದ. ಪಾದಗಳು ಅವಳ ಬಾಯಲ್ಲೇ ಉಳಿದವು.

ಆಮೇಲೆ ಅವನನ್ನೇ ಮದುವೆಯಾದೆ. ಒಳ್ಳೆಯ ಗಂಡ. ಅವನಿಗಿದ್ದ ಹೆದರಿಕೆ ಒಂದೇ. ನಮ್ಮಲ್ಲಿ ಸತ್ತವರ ಕಾಲಿಗೆ ಹುಲ್ಲಿನ ಚಪ್ಪಲಿ ಕಟ್ಟಿ ಕಳಿಸುತ್ತಾರೆ. "ಒತ್ಸುನೆ, ನಂಗೆ ಮಾತ್ರ ಕಟ್ಟಬೇಡ ಕಣೇ," ಎನ್ನುತ್ತಿದ್ದ. "ನನ್ ಪಾದ ಅಲ್ಲೇ ಇವೆ, ಆ ದಾರಿ ಹಿಡಿದ್ರೆ ಸೀದಾ ಅವಳ ಮನೆಗೇ ಹೋಗೋದು."

ಕಳೆದ ಚಳಿಗಾಲದಲ್ಲಿ ತೀರಿಕೊಂಡ. ಹೆಣ ಸಿಂಗರಿಸುವವನು ಚಪ್ಪಲಿ ತಂದಾಗ ಕಿತ್ತುಕೊಂಡು ಒಲೆಗೆ ಹಾಕಿದೆ. "ಪಾದಾನೇ ಇಲ್ದವನಿಗೆ ಇದ್ಯಾಕೋ?" ಅವನು ಗೊಣಗುತ್ತ ಹೋದ.

ಬಾಗಿಲು ಹಾಕಲು ಎದ್ದೆ. ಹೊಸ್ತಿಲಲ್ಲಿ ಎರಡು ಪಾದಗಳು ನಿಂತಿದ್ದವು. ಕಣಕಾಲಿನ ಮೇಲೆ ಏನೂ ಇಲ್ಲ, ಕಡಿದಲ್ಲಿ ರಕ್ತ ಇನ್ನೂ ಹಸಿ. ಬೆರಳುಗಳು ಒಳಮುಖವಾಗಿದ್ದವು. ಅವನನ್ನು ಕರೆದೊಯ್ಯಲು ಬಂದಿದ್ದವು.

ನಾನು ಚಪ್ಪಲಿ ಕಾಯುವವನ ಹೆಂಡತಿ. ಮಂಡಿಯೂರಿ, ಮಣ್ಣು ಒರೆಸಿ, ಹಿಮ್ಮಡಿ ಹಿಡಿದು ಎರಡನ್ನೂ ಹೊರಕ್ಕೆ ತಿರುಗಿಸಿಟ್ಟೆ.

"ಅವನು ಬರಲ್ಲ. ನೀವು ಹೋಗಿ," ಎಂದೆ. "ಬನ್ನಿ ಅಂತ ಮಾತ್ರ ಅನ್ನಲ್ಲ."

ಅವು ಸ್ವಲ್ಪ ತಡೆದು, ಹಿಮದಲ್ಲಿ ನಡೆದುಹೋದವು. ಒಳಗೆ ಬಂದು ಅವನ ಪಕ್ಕ ಕೂತು ಜೋರಾಗಿ ಅತ್ತೆ. ನನ್ನ ಗಂಡನ ಪಾದಗಳನ್ನು ನಾನು ಮುಟ್ಟಿದ್ದು ಅದೇ ಮೊದಲು.