ಮೆಂಡಲ್ ಹೆಸರಿಲ್ಲದ ಕಲ್ಲು

ಷಿಕಾಗೋ ಬಳಿಯ ವೆಸ್ಟ್‌ಮಂಟ್‌ನಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ರೈಲು ಹಳಿಯ ಪಕ್ಕ, ಸಮಾಧಿ ಕಲ್ಲಿನ ಅಂಗಡಿಯ ಶೆಡ್ಡಿನಲ್ಲಿ ವಾಹಿದ್ ಕಂದಗಲ್ ಒಬ್ಬರೇ ಕೆಲಸಕ್ಕೆ ಕೂತಿದ್ದಾರೆ. ಸಮಾಧಿ ಕಲ್ಲಿನ ಮೇಲೆ ಯಂತ್ರ ಕೊರೆದ ಅಕ್ಷರಗಳ ಅಂಚನ್ನು ಸಣ್ಣ ಉಳಿಯಿಂದ ತಿದ್ದಿ, ಪುಡಿ ಊದಿ, ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ.

“ಮಷೀನು ಕೊರೀತೈತ್ರಿ, ಆದ್ರ ಅಂಚು ಒರಟು ಉಳೀತಾವು. ಮಂದಿ ಬಂದು ಹೆಸರು ಮುಟ್ಟಿ ಅಳತಾರ. ಅವರ ಬೆರಳಿಗೆ ಚುಚ್ಚಬಾರದು.”

ವಾಹಿದ್ ಇಳಕಲ್ಲಿನವರು. ಅಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದವರು ತೊಂಬತ್ತರ ದಶಕದಲ್ಲಿ ಷಿಕಾಗೋಗೆ ಬಂದು, ಕೆಲಕಾಲ ಗ್ಯಾಸ್ ಸ್ಟೇಷನ್ನಿನಲ್ಲಿ ದುಡಿದು, ಮತ್ತೆ ಕಲ್ಲಿನ ಬಳಿಗೇ ಸೇರಿದರು. ಹೆಂಡತಿ ಷಹನಾಜ್ ಓಕ್ ಬ್ರೂಕ್‌ನ ಮಾಲ್‌ನಲ್ಲಿ ಬಟ್ಟೆ ಆಲ್ಟರ್ ಮಾಡುತ್ತಾರೆ. ಕಲ್ಲಿನ ಧೂಳಿನಿಂದ ವಾಹಿದರಿಗೆ ಕೆಮ್ಮು ಬಿಡುವುದಿಲ್ಲ. ಚಳಿಗಾಲದಲ್ಲಿ ಮಣಿಕಟ್ಟು ಊದುತ್ತದೆ. ಯಹೂದಿಗಳ ಸಮಾಧಿ ಕಲ್ಲಿಗೆ ಕೆತ್ತುವ ಹೀಬ್ರೂ ಓದಲು ಬಾರದಿದ್ದರೂ ಆ ಲಿಪಿ ಅವರಿಗೆ ಹೊರಗಿನದಲ್ಲ. “ನಮ್ಮ ಉರ್ದು ಹಂಗ ಬಲದಿಂದ ಎಡಕ್ಕ ಹೋಗತೈತಿ” ಎನ್ನುತ್ತಾರೆ.

ಅವರು ಕೆತ್ತಿದ ಕಲ್ಲುಗಳಲ್ಲಿ ಒಂದರ ಮಾತು ಬಂದರೆ ಮಾತ್ರ ಉಳಿ ಕೆಳಗಿಡುತ್ತಾರೆ. ಷಿಕಾಗೋದ ಪಶ್ಚಿಮ ಭಾಗದಲ್ಲಿ ಹಳೆಯ ಕಾಲದ ಯಹೂದಿ ಪ್ರಾರ್ಥನಾ ಮಂದಿರವೊಂದಿತ್ತು. ಜನ ಬೇರೆ ಕಡೆ ಹೋದರು, ಕಟ್ಟಡ ಚರ್ಚಾಯಿತು, ಕೊನೆಗೆ ನೆಲಸಮವಾಯಿತು. ಆ ಖಾಲಿ ಜಾಗದಲ್ಲಿ ನೆನಪಿನ ಕಲ್ಲು ನಿಲ್ಲಿಸಲು ಸಮಿತಿಯೊಂದು ೨೦೦೪ರಲ್ಲಿ ಈ ಅಂಗಡಿಗೆ ಬಂತು. ಮಂದಿರದ ಹೆಸರು, ಸ್ಥಾಪಕರ ಹೆಸರುಗಳು, ಅಷ್ಟೇ ಬೇಕಿತ್ತು.

ಕೆಲಸ ನಡೆಯುತ್ತಿರುವಾಗ ಬೆಸ್ಸಿ ಕಪ್ಲನ್ ಎಂಬ ವೃದ್ಧೆ ವಾಕರ್ ಹಿಡಿದು ಶೆಡ್ಡಿಗೆ ಬಂದರು. ಅವರ ತಂದೆ ಮೆಂಡಲ್ ಆ ಮಂದಿರದ ಕಸ ಗುಡಿಸಿ, ಬೆಂಕಿ ಮುಟ್ಟಬಾರದ ಸಬ್ಬತ್ ದಿನ ಶುರುವಾಗುವ ಮುನ್ನ, ಶುಕ್ರವಾರ ಸೂರ್ಯ ಮುಳುಗುವ ಮೊದಲೇ, ಒಲೆಗೆ ಕಲ್ಲಿದ್ದಲು ತುಂಬುತ್ತಿದ್ದವರು.

“ಎಲ್ಲರೂ ಬೆಚ್ಚಗಿನ ಕೋಣೆಯಲ್ಲಿ ಪ್ರಾರ್ಥನೆ ಮಾಡಿದ್ರು. ಅದನ್ನ ಬೆಚ್ಚಗೆ ಮಾಡಿದ್ದು ಯಾರು ಅಂತ ಯಾರೂ ಕೇಳ್ಲಿಲ್ಲ ಅಂದ್ರು ಆ ಅಮ್ಮ, ಅವರ ಇಂಗ್ಲಿಷ್‌ನ್ಯಾಗ” ಎಂದು ವಾಹಿದ್ ನೆನೆಯುತ್ತಾರೆ. “ನಮ್ಮಪ್ಪನ ಹೆಸರೊಂದು ಸೇರಿಸ್ತೀಯಾ ಅಂತ ಕೈ ಹಿಡಿದು ಕೇಳಿದ್ರು.”

ಸಮಿತಿಯನ್ನು ಕೇಳದೆ ಆಗದು ಎಂದರು ವಾಹಿದ್. ತಾವೇ ಫೋನ್ ಮಾಡಿ ಕೇಳಿದರು ಕೂಡ. ಒಂದು ಹೆಸರು ಸೇರಿಸಿದರೆ ಎಲ್ಲರೂ ಕೇಳುತ್ತಾರೆ, ಮುಂದಿನ ಸಭೆಯಲ್ಲಿ ನೋಡೋಣ ಎಂಬ ಉತ್ತರ ಬಂತು. ಸಭೆ ಮುಂದೆ ಹೋಯಿತು. ಚಳಿಗಾಲದಲ್ಲಿ ಬೆಸ್ಸಿ ತೀರಿಕೊಂಡರು. ಆಮೇಲೆ ಸಮಿತಿಯಲ್ಲಿ ಆ ಮಾತೆತ್ತುವವರೇ ಇರಲಿಲ್ಲ.

ಕಲ್ಲನ್ನು ಟ್ರಕ್ಕಿನಲ್ಲಿ ಒಯ್ದು ನಿಲ್ಲಿಸಿದವರು ವಾಹಿದರೇ. ಅನಾವರಣದ ದಿನ ಹಿಂದೆ ನಿಂತು ಭಾಷಣ ಕೇಳಿದರು. ಮೆಂಡಲ್ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ.

“ಕೈಯಾಗ ಉಳಿ ಇತ್ತು. ಕೆತ್ತಿಬಿಟ್ಟಿದ್ರ ಏನಾಗತಿತ್ತು? ಬೈತಿದ್ರು, ನೌಕರಿ ಹೋಗತಿತ್ತು. ಆದ್ರ ಆ ಅಮ್ಮ ಅಪ್ಪನ ಹೆಸರು ನೋಡಿ ಹೋಗತಿದ್ರು” ಎನ್ನುತ್ತಾರೆ. ಅದಾಗಿ ಮೂರು ವರ್ಷವಾಗುತ್ತ ಬಂದರೂ ಸಮಿತಿಯವರಿಗೆ ಆಗಾಗ ಫೋನ್ ಮಾಡುವುದನ್ನು ಅವರು ಬಿಟ್ಟಿಲ್ಲ.

ಸಮಿತಿಯವರು ಹೂಂ ಎಂದರೂ ಆ ಕಲ್ಲಿನಲ್ಲಿ ಜಾಗವೆಲ್ಲಿದೆ ಎಂದು ನಾನು ಕೇಳಿದೆ. ವಾಹಿದ್ ಮೊದಲ ಸಲ ನಕ್ಕರು.

“ಆವಾಗನ ಸಾಲೆಲ್ಲ ಒಂದೀಟು ಮ್ಯಾಲ ಸರಿಸಿ ಕೆತ್ತೀನ್ರಿ. ಯಾರಿಗೂ ಗೊತ್ತಾಗಿಲ್ಲ. ಕೆಳಗ ಮೆಂಡಲ್ ಅಜ್ಜಾರಿಗೆ ಜಾಗ ಐತಿ.”