ಹಾಲು ಕುಡಿಸಿಯೇ ನೋಡಬೇಕು

ನನ್ನ ಗಂಡ ನನ್ನ ಅಮ್ಮನ ಸ್ವಂತ ತಮ್ಮ. ನಾನು ತೊಟ್ಟಿಲಲ್ಲಿದ್ದಾಗಲೇ ಅಜ್ಜಿ, "ಇವ್ಳು ನಮ್ಮನೇಗೇ" ಎಂದು ಬಸ್ಸಿನ ಸೀಟಿಗೆ ಟವೆಲ್ ಹಾಕುವ ಹಾಗೆ ಹೇಳಿಟ್ಟಿದ್ದಳಂತೆ. ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಮಗನಿಗಿಂತ ಒಳ್ಳೆಯ ವರ ಅವಳಿಗೆ ಇನ್ನೆಲ್ಲಿ ಕಾಣಬೇಕು? ತಮಿಳುನಾಡಿನ ಅವಿನಾಶಿಯ ನಮ್ಮ ನೇಕಾರರ ಬೀದಿಯಲ್ಲಿ ಇದು ಹೊಸದೇನಲ್ಲ. ಮದುವೆಯಾದ ಮೇಲೆ ಅಜ್ಜಿಯೇ ಅತ್ತೆಯಾದಳು. ಗಂಡನನ್ನು ನಾನು ಎಂದಿನಂತೆ ಮಾವ ಎಂದೇ ಕರೆದೆ.

ಎಂಬತ್ತರ ದಶಕದ ನಡುವಿನಲ್ಲಿ ಮೊದಲ ಮಗ ಹುಟ್ಟಿದ. ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಅಜ್ಜಿ ದೃಷ್ಟಿ ತೆಗೆದಳು. ಮಗು ಸೊರಗುತ್ತಿದೆಯಲ್ಲಾ ಎಂದು ನಾನು ಇನ್ನಷ್ಟು ಹಾಲು ಕುಡಿಸಿದೆ. ಕೊನೆಗೆ ಕೊಯಮತ್ತೂರಿನ ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರಮ್ಮ ಮೂಳೆಯ ಮಜ್ಜೆ ತೆಗೆಸಿ ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ತಮಿಳಿನಲ್ಲಿ ಬಿಡಿಸಿ ಹೇಳಿದರು. ಜೀವಕಣಗಳ ಒಳಗೆ ಕೊಬ್ಬನ್ನು ಕರಗಿಸುವ ಒಂದು ಕಿಣ್ವ ಇರುತ್ತದೆ. ಈ ಮಗುವಿಗೆ ಅದು ಇದ್ದಂತಿಲ್ಲ. ಕ್ರಿಮಿಗಳನ್ನು ನುಂಗಿ ಮೈ ಕಾಯಬೇಕಾದ ಕಣಗಳೇ ಕೊಬ್ಬು ನುಂಗಿ, ಅರಗಿಸಲಾರದೆ, ಲಿವರಿನಲ್ಲಿ ಊದಿಕೊಂಡು ಕೂತಿವೆ. ಖಚಿತ ಮಾಡುವ ಪರೀಕ್ಷೆ ಇಲ್ಲಿಲ್ಲ, ಔಷಧ ಎಲ್ಲೂ ಇಲ್ಲ. ಹತ್ತಿರದ ರಕ್ತದಲ್ಲಿ ಮದುವೆಯಾದರೆ ಇಂಥದ್ದು ಬರುವುದು ಹೆಚ್ಚು, ಮುಂದಿನ ಮಗುವಿಗೂ ಬರಬಹುದು.

ಎಳೆಗೂಸಿನ ಮೈಗೆ ಕೊಬ್ಬು ಎಲ್ಲಿಂದ ಬಂತು ಎಂದು ಕೇಳಿದೆ.

"ಹಾಲಿನಿಂದಲೇ ಅಮ್ಮಾ," ಎಂದರು.

ಅಯ್ಯೋ, ಅದು ನನ್ನ ಹಾಲು! ಸ್ವಲ್ಪ ದಿನದಲ್ಲೇ ಒಂದು ಸಾಮಾನ್ಯ ನೆಗಡಿ ಮಗುವಿನ ಎದೆಗಿಳಿಯಿತು. ಅದನ್ನು ತಡೆಯುವ ಶಕ್ತಿ ಅವನಿಗಿರಲಿಲ್ಲ. ನಮ್ಮ ಕೈಯಲ್ಲೇ ಹೋದ.

ಮತ್ತೆ ಬಸಿರಾದಾಗ ಅದೇ ಡಾಕ್ಟರಮ್ಮನ ಬಳಿ ಹೋದೆ. ಹೊಟ್ಟೆಯಲ್ಲಿರುವಾಗ ತಿಳಿಯುವ ದಾರಿ ತಮ್ಮಲ್ಲಿಲ್ಲ ಎಂದರು. ಹುಟ್ಟಿದ ಮೇಲೆ ಹಾಲು ಕುಡಿಸಿಯೇ ನೋಡಬೇಕಂತೆ. ಕೆಲವು ತಿಂಗಳು ಹೊಟ್ಟೆ ಮೆತ್ತಗಿದ್ದು, ಮೈ ತುಂಬಿಕೊಂಡರೆ ಮಗು ಉಳಿಯಿತು ಎಂದುಕೊಳ್ಳಬೇಕಂತೆ.

ಹೆಣ್ಣುಮಗು ಹುಟ್ಟಿತು. ನನ್ನ ಎದೆ ಕಟ್ಟಿ, ರವಿಕೆ ನೆನೆದು ಸೋರುತ್ತಿತ್ತು. ಮಗು ಕಿರುಚುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ.

"ಏನೇ ಇದು, ಮಗು ಬಾಯಿ ಒಣಗ್ತಾ ಇದೆ. ಹಾಲು ಕುಡ್ಸೇ!" ಎಂದು ಅಜ್ಜಿ ಗದರಿದಳು.

"ಒಂದು ಮಗು ನನ್ ಹಾಲಲ್ಲೇ ಹೋಯ್ತು. ಇದಕ್ಕೂ ನನ್ ಕೈಯಾರೆ ವಿಷ ಹಾಕ್ಬೇಕಾ? ನಿನ್ ಮಗನ್ನ ಕಟ್ಕೊಂಡೆನಲ್ಲ, ಅದು ಸಾಲ್ದಾ ನಿಂಗೆ?"

ಬೀದಿಗೆಲ್ಲ ಬಾಯಿ ಜೋರು ಮಾಡುವ ಅಜ್ಜಿ ಮಂಚದ ಅಂಚಿನಲ್ಲಿ ಕುಸಿದು ಕೂತಳು. "ನಂಗೂ ಭಯಾನೇ, ನನ್ ಕಣ್ಣೇ. ನಾನೇ ಮಾಡ್ಸಿದ್ ಮದ್ವೆ. ಆದ್ರೆ ಹಸಿವಲ್ಲಿ ಸಾಯ್ಸೋಕ್ ಆಗತ್ತಾ? ಕೊಡು," ಎಂದು ಮಗುವನ್ನು ನನ್ನ ಎದೆಗೆ ಒತ್ತಿದಳು.

ಮಗು ಕಚ್ಚಿಕೊಂಡಿತು. ಅದರ ಗಂಟಲಿನ ಪ್ರತಿ ಗುಟುಕಿಗೂ ನನ್ನ ಜೀವ ಹಾರಿಹೋಗುತ್ತಿತ್ತು.

ಆಮೇಲೆ ತೇಗಿದರೂ ಭಯ, ತೇಗದಿದ್ದರೂ ಭಯ. ಪವರ್‌ಲೂಮ್ ಶೆಡ್ಡಿನಿಂದ ಬಂದ ಮಾವ ಮೈಮೇಲಿನ ಹತ್ತಿಯ ದೂಳನ್ನೂ ಕೊಡವದೆ, "ಕಕ್ತಾ?" ಎಂದು ಕೇಳುತ್ತಿದ್ದ. ದಿನಾ ಸ್ನಾನ ಮಾಡಿಸಿ, ಮಗುವಿನ ಬಲಪಕ್ಕೆಲುಬಿನ ಕೆಳಗೆ ಬೆರಳಿಟ್ಟು, ಲಿವರು ಊದಿ ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡುತ್ತಿದ್ದೆ. ಅಜ್ಜಿ ಮಾತ್ರ ಆ ಹೊಟ್ಟೆಯನ್ನು ಮುಟ್ಟುತ್ತಲೇ ಇರಲಿಲ್ಲ.

ಮೊದಲ ಮಗ ತೀರಿಕೊಂಡ ವಯಸ್ಸನ್ನು ಮಗಳು ದಾಟಿದಳು. ಒಂದು ಬೆಳಿಗ್ಗೆ ಹಾಗೇ ಒತ್ತಿದಾಗ, ಕಚಗುಳಿಯಾಯಿತೋ ಏನೋ, ಕಾಲು ಬಡಿದು ಕಿಲಕಿಲ ನಕ್ಕಳು. ಮತ್ತೆ ಒತ್ತಿದೆ. ಬೆರಳಿಗೆ ಗಟ್ಟಿಯಾಗಿ ಏನೂ ಸಿಗಲಿಲ್ಲ. ತೊಡೆಯ ತುಂಬ ಮಾಂಸ ಮಡಿಕೆ ಬಿದ್ದಿತ್ತು. ನನಗೆ ಅಳು ಉಕ್ಕಿ ಬಂತು.

ನನ್ನ ಅಳು ಕೇಳಿ ಅಜ್ಜಿ ಅಡುಗೆಮನೆಯಿಂದ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. "ಗಟ್ಟಿ ಆಗೋಯ್ತಾ?" ಎಂದಳು.

ಅವಳ ಕೈ ಹಿಡಿದು ಎಳೆದು ಮಗುವಿನ ಹೊಟ್ಟೆಯ ಮೇಲಿಟ್ಟೆ.