ಹದಿನಾಲ್ಕು ಕಡೆ ಸುಮ್ಮನಿದ್ದ ಲಾಲ್ ಸಾಬ್

ಬೆಳಗಿನ ಐದು ಗಂಟೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ ಬೀದಿದೀಪ ಇನ್ನೂ ಆರಿಲ್ಲ. ಒಳಗೆ ಮಾತ್ರ ಭತ್ತದ ಹೊಟ್ಟಿನ ಬೆಂಕಿ ಆಗಲೇ ಹತ್ತಿಕೊಂಡಿದೆ. ದೊಡ್ಡ ಬಾಣಲೆಯಲ್ಲಿ ಮರಳು ಕಾದು ನಿಂತಿದೆ. ಲಾಲ್ ಸಾಬ್ ತಲೆಗೆ ವಸ್ತ್ರ ಬಿಗಿದುಕೊಂಡು, ಉಪ್ಪುನೀರು ಹಿಡಿದ ಅಕ್ಕಿಯನ್ನು ಆ ಮರಳಿಗೆ ಸುರಿಯುತ್ತಾರೆ. ಹತ್ತು ಎಣಿಸುವುದರೊಳಗೆ ಅಕ್ಕಿ ಅರಳಿ ಬೆಳ್ಳಗೆ ಮೇಲೆದ್ದು ಬರುತ್ತದೆ. ಇನ್ನೆರಡು ಎಣಿಸಿದರೆ ಸೀದುಹೋಗುತ್ತದೆ. ಅವರು ಎಣಿಸುವುದಿಲ್ಲ, ಹಾಡುತ್ತಾರೆ. ಹಾಡಿನ ಒಂದು ಸಾಲು ಮುಗಿಯಿತೆಂದರೆ ಜರಡಿಗೆ ಎತ್ತಿ ಹಾಕುವ ಹೊತ್ತು ಬಂತು ಎಂದು ಲೆಕ್ಕ.

ಆಚೆ ಬದಿಗೆ ಚೀಲ ತುಂಬುತ್ತಿರುವ ಮೈಲಮ್ಮ ಸುಮ್ಮನಿರುವ ಹೆಂಗಸಲ್ಲ. "ಸಾಬ್ರೆ, ಕ್ಯಾಸೆಟ್ಟಿನಾಗೆ ನಡುನಡುವೆ ಸುಮ್ಕಾದಂಗೆ ಇಲ್ಲೂ ಸುಮ್ಕಾಗಬ್ಯಾಡ್ರಿ ಮತ್ತೆ. ಮಂಡಕ್ಕಿ ಕರ್ರಗಾಗ್ತಾವು!" ಎನ್ನುತ್ತಾಳೆ. ಭಟ್ಟಿಯೆಲ್ಲ ನಗುತ್ತದೆ. ಲಾಲ್ ಸಾಬ್ ಬಾಣಲೆಯಿಂದ ಕಣ್ಣು ಕೀಳುವುದಿಲ್ಲ. "ಅಲ್ಲಿ ಸುಮ್ಕಾದ್ರೆ ಜನ ಬೈತಾರೆ, ಇಲ್ಲಿ ಸುಮ್ಕಾದ್ರೆ ಸಾಹುಕಾರ ಬೈತಾನೆ. ನಾ ಎಲ್ಲಿಗೆ ಹೋಗ್ಲವ್ವಾ?"

ಊರಿನ ಅರ್ಧ ಜನ ಈಗ ಬೈಯುತ್ತಿರುವುದು ಇವರನ್ನೇ. ಬೈಯುವವರಲ್ಲಿ ಮುಖ ನೋಡಿ ಗುರುತು ಹಿಡಿಯಬಲ್ಲವರು ಹತ್ತು ಮಂದಿಯೂ ಇರಲಿಕ್ಕಿಲ್ಲ.

ಹರಿಹರದ ಹೊಳೆದಂಡೆ ಮೇಳದ ಹೆಸರು ಕೇಳದವರು ಈ ಸೀಮೆಯಲ್ಲಿ ಕಡಿಮೆ. ಮೊಹರಂ ಬಂತೆಂದರೆ ದಪ್ಪು ಬಡಿಯುತ್ತ ದುಂಡಗೆ ನಿಂತು ಕನ್ನಡದಲ್ಲಿ ಪದ ಹೇಳುವ ಮೇಳ ಅದು. ಹಿಂದೂಗಳೂ ಇದ್ದಾರೆ, ಸಾಬರೂ ಇದ್ದಾರೆ. ಯಾರು ಯಾರೆಂದು ಯಾರೂ ಕೇಳಿದ್ದಿಲ್ಲ. ಮುಂದೆ ನಿಂತು ಹಾಡುತ್ತಿದ್ದವನು ಸೂರಪ್ಪ. ಎತ್ತರದ ಆಳು, ಗಂಟೆಯಂಥ ಗಂಟಲು. ಅವನು ಬಾಯಿ ತೆರೆದರೆ ಸೇತುವೆಯ ಆ ತುದಿಯಲ್ಲಿ ಹೋಗುವವರು ಸೈಕಲ್ ಇಳಿದು ನಿಲ್ಲುತ್ತಿದ್ದರು. ಅರವತ್ಮೂರನೇ ಇಸವಿಯಿಂದ ಇಪ್ಪತ್ತೆರಡು ವರ್ಷ ಅವನ ಬೆನ್ನಿಗೆ ನಿಂತು ಹಿಮ್ಮೇಳ ಹಿಡಿದವರು ಲಾಲ್ ಸಾಬ್.

ಇವರು ಹುಟ್ಟಿದ್ದು ಹರಿಹರದಲ್ಲೇ. ತಂದೆ ಹುಸೇನ್ ಸಾಬ್ ಹೊಳೆಯಲ್ಲಿ ಮರಳು ಹೊರುತ್ತಿದ್ದರು. ಮಗ ಎರಡನೇ ಇಯತ್ತೆಗೆ ಶಾಲೆ ಬಿಟ್ಟ. ಹದಿನಾರಕ್ಕೆ ದಾವಣಗೆರೆಗೆ ಬಂದು ಭಟ್ಟಿ ಸೇರಿದ. ಈಗ ವಯಸ್ಸು ಐವತ್ತೆರಡು. ಮನೆ ವಿನೋಬನಗರದಲ್ಲಿ, ಎರಡು ಕೋಣೆ. ಬೆಳಿಗ್ಗೆ ಹನ್ನೊಂದರ ಒಳಗೆ ಇಪ್ಪತ್ತು ಚೀಲ ಮಂಡಕ್ಕಿ ಹುರಿಯುತ್ತಾರೆ. ಬಲಗೈ ಮೇಲೆ ಮೊಣಕೈವರೆಗೆ ಸುಟ್ಟ ಕಲೆ ಇದೆ. ಗಂಟಲಲ್ಲಿ ಮೂವತ್ತಾರು ವರ್ಷದ ಹೊಗೆ ಇದೆ. ಡಾಕ್ಟರು ಭಟ್ಟಿ ಬಿಡು, ಇಲ್ಲ ಹಾಡು ಬಿಡು ಎಂದರಂತೆ. "ಭಟ್ಟಿ ಬಿಟ್ರೆ ಉಣ್ಣೋದು ಏನು? ಹಾಡು ಬಿಟ್ರೆ ಉಂಡಿದ್ದು ಮೈಗೆ ಹತ್ತಬೇಕಲ್ರಿ? ಅದಕ್ಕೆ ಡಾಕ್ಟರನ್ನೇ ಬಿಟ್ಟೆ" ಎನ್ನುತ್ತಾರೆ.

ಎಂಬತ್ತೈದರ ಮೊಹರಂ ಮುಗಿದ ಮೇಲೆ ಸೂರಪ್ಪ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾ ಸೇರಿಕೊಂಡ. ಸಿನಿಮಾ ಹಾಡು, ಬಣ್ಣದ ದೀಪ, ಕೋಟು. ಲಾಲ್ ಸಾಬ್ ಅವನ ಮೇಲೆ ಒಂದು ಕೆಟ್ಟ ಮಾತು ಆಡುವುದಿಲ್ಲ. "ಅವಂಗೆ ಮೂರು ಹೆಣ್ಮಕ್ಳು. ಹೋದ. ನಾನಾಗಿದ್ರೂ ಹೋಗ್ತಿದ್ನೇನೋ, ನನ್ನ ಯಾರೂ ಕರೀಲಿಲ್ಲ." ಮೇಳ ಮುಗಿಯಿತು ಎಂದೇ ಎಲ್ಲರೂ ತಿಳಿದರು. ಆ ವರ್ಷವೇ ಇವರು, ದಪ್ಪು ಬಾರಿಸುವ ನಂದಿಗುಡಿಯ ಕಾಟಪ್ಪನ ಜೊತೆ ಕೂತು, ಒಂದು ಹೊಸ ಪದ ಕಟ್ಟುವುದಕ್ಕೆ ಕೈಹಾಕಿದರು. ಮಾತು ಕಾಟಪ್ಪನದು, ರಾಗ ಇವರದು. ಹಳೆಯ ಪದಗಳಿಗೂ ರಾಗ ಇವರದೇ ಎಂಬುದು ಮೇಳದ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಹೊಸ ಪದದ ಹೆಸರು 'ಹೊಳೆ ಪದ'. ತುಂಬಿದ ಹೊಳೆಯಲ್ಲಿ ಹರಿಗೋಲು ಹತ್ತಿ ಮಗನನ್ನು ಹುಡುಕಿ ಹೊರಟ ತಾಯಿಯ ಕಥೆ. ಮೊಹರಂ ಪದ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇದು ಐವತ್ತು ನಿಮಿಷ. ಏಳು ಸಲ ನಡೆ ಬದಲಾಗುತ್ತದೆ. ನಿಧಾನಕ್ಕೆ ಹೊರಟು, ಸುಳಿಯಲ್ಲಿ ಸಿಕ್ಕಂತೆ ಗಿರ್ರನೆ ತಿರುಗಿ, ಮತ್ತೆ ತಣ್ಣಗಾಗುತ್ತದೆ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಸಾಲದೆ ಎರಡನೇ ಮಗ್ಗುಲಿಗೂ ಹರಿಯುತ್ತದೆ. ನಡುನೀರಿನಲ್ಲಿ ತಾಯಿಯನ್ನು ಬಿಟ್ಟು ನೀವು ಎದ್ದುಹೋಗಿ ಕ್ಯಾಸೆಟ್ ಮಗುಚಿ ಹಾಕಬೇಕು.

ರೆಕಾರ್ಡಿಂಗ್ ಆದದ್ದು ಕೆ.ಬಿ. ಬಡಾವಣೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿರುವ ಹಿದಾಯತ್‌ನ ಅಟ್ಟದ ಮೇಲೆ. ಕಿಟಕಿಗೆ ಕೌದಿ ಕಟ್ಟಿ, ಫ್ಯಾನು ನಿಲ್ಲಿಸಿ, ಒಂದೇ ಮೈಕಿನ ಮುಂದೆ ನಾಲ್ಕು ಜನ. ಅಲ್ಲಿ ಆದದ್ದು ನೋಡಿ.

ಹಿಮ್ಮೇಳದವನಿಗೆ ಒಂದು ಪದ್ಧತಿ ಇದೆ. ಮುಂದಿನವನು ಸಾಲು ಎತ್ತಬೇಕು, ಇವನು ಆಮೇಲೆ ಹಿಡಿಯಬೇಕು. ತಾನಾಗಿ ಮೊದಲು ಬಾಯಿ ತೆರೆಯುವ ಹಾಗಿಲ್ಲ. ಲಾಲ್ ಸಾಬ್ ಈಗ ಮುಂದೆ ನಿಂತಿದ್ದರೂ, ಪ್ರತಿ ನಡೆ ಬದಲಾದಾಗ, ಕಥೆ ಹೊರಳಿದಾಗ, ದಪ್ಪಿನ ಎಂಟು ಪೆಟ್ಟು ಸುಮ್ಮನೆ ನಿಂತುಬಿಟ್ಟರು. ಬೆನ್ನ ಹಿಂದೆ ನಿಂತವನು ಕಾಯುವಂತೆ ಕಾದರು. ಆಮೇಲೆ ಹಾಡಿದರು. ಒಂದಲ್ಲ, ಎರಡಲ್ಲ, ಹದಿನಾಲ್ಕು ಕಡೆ. ಹಾಡುವಾಗ ಅವರಿಗೇ ತಿಳಿಯಲಿಲ್ಲ.

ಟೇಪು ತಿರುಗಿಸಿ ಕೇಳಿದಾಗ ಹಿದಾಯತ್ ತಲೆ ಹಿಡಿದುಕೊಂಡ. "ಚಾಚಾ, ಇದೇನಿದು? ಬರೀ ದಪ್ಪು ಬಡ್ಕಂತೈತೆ, ನೀವೆಲ್ಲಿಗೆ ಹೋಗಿದ್ರಿ?"

"ಸೂರಪ್ಪ ಎತ್ತಲಿ ಅಂತ ಕಾಯ್ತಿದ್ದೆ ಕಣಪ್ಪ" ಎಂದರಂತೆ ಲಾಲ್ ಸಾಬ್. ಹೇಳಿ ತಾವೇ ನಕ್ಕರಂತೆ. ಹಿದಾಯತ್ ಮತ್ತೆ ಹಾಡಿ ಎಂದ. ಇವರು ಇನ್ನೊಂದು ಸಲ ಕೇಳಿಸು ಎಂದರು. ಪೂರಾ ಕೇಳಿ, "ಇರ್ಲಿ ಬಿಡು. ತಪ್ಪೇನೋ ತಪ್ಪೇ. ಆದ್ರೆ ನಂದೇ ತಪ್ಪು, ಇನ್ನೊಬ್ಬರದ್ದಲ್ಲ. ಆ ತಾಯಿನೂ ಹೊಳಿಯಾಗೆ ಮಗ ಓಗೊಡಲಿ ಅಂತ ಕಾಯ್ತಾಳಲ್ಲ, ಹಂಗೇ ಐತೆ" ಎಂದರು. ಕಾಟಪ್ಪ ಹೌದೆಂದ. ಹಾಗೇ ಮುನ್ನೂರು ಕ್ಯಾಸೆಟ್ ಹೊರಬಂತು.

ಮಾತು ಶುರುವಾಯಿತು. ಟೇಪು ಜಗ್ಗಿದೆ ಎಂದು ವಾಪಸು ತಂದವರು ಕೆಲವರು. ಸೂರಪ್ಪ ಬಿಟ್ಟುಹೋದ ದುಃಖಕ್ಕೆ ಬೇಕೆಂದೇ ಹೀಗೆ ಮಾಡಿದ್ದಾರೆ ಎಂದವರು ಕೆಲವರು. ಕಾಲೇಜು ಹುಡುಗಿ ಶಮೀಮ್, ಲಾಲ್ ಸಾಬರ ಮನೆಯ ಪಕ್ಕದವಳು, ಆ ಎಂಟು ಪೆಟ್ಟು ಬಂದಾಗ ಎದೆ ಝಲ್ಲೆನ್ನುತ್ತದೆ ಎನ್ನುತ್ತಾಳೆ. ಹಳೆಯ ಕೇಳುಗರು ಮಾತ್ರ ಒಪ್ಪುವುದಿಲ್ಲ. ಸೂರಪ್ಪನಿಲ್ಲದೆ ಅದು ಹೊಳೆದಂಡೆ ಮೇಳವೇ ಅಲ್ಲ, ಹೆಸರು ಇಟ್ಟುಕೊಂಡದ್ದೇ ತಪ್ಪು ಎಂಬುದು ಅವರ ವಾದ.

ಹೋದ ತಿಂಗಳು ಹಿದಾಯತ್ ಒಂದು ದಾರಿ ಹುಡುಕಿಕೊಂಡು ಬಂದ. ಸೂರಪ್ಪ ಒಂದು ಭಾನುವಾರ ಬಂದುಹೋಗಲು ಒಪ್ಪಿದ್ದಾನೆ. ಆ ಹದಿನಾಲ್ಕು ಜಾಗದಲ್ಲಿ ಅವನ ದನಿ ತುಂಬುವುದು, ಮೇಲೆ ಅವನ ಫೋಟೊ ಹಾಕುವುದು, ಸಾವಿರ ಕ್ಯಾಸೆಟ್ ತೆಗೆಯುವುದು. ಬೇಡವೆಂದರೆ ಇನ್ನೊಂದೂ ತೆಗೆಯುವುದಿಲ್ಲ. ಅದೇ ವಾರ ಹರಿಹರದ ಮೊಹರಂ ಕಮಿಟಿಯವರಿಂದಲೂ ಮಾತು ಬಂತು. ಸೂರಪ್ಪ ಬಂದರೆ ಮೇಳ ಬರಲಿ, ಇಲ್ಲದಿದ್ದರೆ ಈ ಸಲ ಬೇರೆ ಮೇಳ ನೋಡುತ್ತೇವೆ ಎಂದು. ಇಪ್ಪತ್ತೆರಡು ವರ್ಷ ನಿಂತ ಜಾಗ ಅದು.

ಕಾಟಪ್ಪನಿಗೆ ಹೆದರಿಕೆ ಹುಟ್ಟಿತು. "ಒಪ್ಕಂಬಿಡ್ರಿ ಲಾಲಣ್ಣ. ಹದಿನಾಲ್ಕು ಸಾಲು ತಾನೆ. ಮೇಳ ಉಳೀತೈತೆ" ಎಂದ. ಖತೀಜಾಬೀ, ಇವರ ಹೆಂಡತಿ, ಬಾಗಿಲಲ್ಲಿ ಅಕ್ಕಿ ಕೇರುತ್ತ ಕೂತವರು ಮೊರ ಕೆಳಗಿಟ್ಟರು. "ಇಷ್ಟು ವರ್ಷ ಅವ್ನ ಹಿಂದೆ ಹಾಡಿದ್ರಿ, ಸರಿ. ಈಗ ಅವ್ನು ಇಲ್ದೇ ಇರೋವಾಗ್ಲೂ ಅವ್ನ ಹಿಂದೇ ಹಾಡ್ತೀರೇನ್ರಿ?" ಎಂದು ಕೇಳಿದರು. ಉತ್ತರ ಭಾನುವಾರ ಕೊಡುತ್ತೇನೆ ಎಂದು ಲಾಲ್ ಸಾಬ್ ಹಿದಾಯತ್‌ಗೆ ಹೇಳಿಕಳಿಸಿದರು.

ಭಾನುವಾರ ಬೆಳಿಗ್ಗೆ ಭಟ್ಟಿ ಮುಗಿಸಿ ಹರಿಹರದ ಬಸ್ಸು ಹತ್ತಿದರು. ಇವರ ಬಗ್ಗೆ ಬರೆಯಲೆಂದು ಬಂದಿದ್ದ ನಾನೂ ಜೊತೆಗಿದ್ದೆ. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ವಾರವಾರ ಮೇಳದ ಕೇಳುಗರು ಸೇರುತ್ತಾರೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಮಾರಪ್ಪ ಅವರ ಮುಂದಾಳು. ಸೂರಪ್ಪನ ಒಂದೊಂದು ಪದವೂ ಅವನಿಗೆ ಬಾಯಿಪಾಠ. ಗಲ್ಲಾದ ಮೇಲೆ ಟೇಪ್‌ರೆಕಾರ್ಡರ್ ಇತ್ತು. 'ಹೊಳೆ ಪದ' ಹಾಡುತ್ತಿತ್ತು. ಲಾಲ್ ಸಾಬ್ ಬೆಂಚಿನ ತುದಿಗೆ ಕೂತರು. ಯಾರೂ ಗುರುತು ಹಿಡಿಯಲಿಲ್ಲ.

"ಬಂತು ನೋಡ್ರಿ, ಬಂತು ತೂತು!" ಎಂದ ಮಾರಪ್ಪ. ದಪ್ಪು ಎಂಟು ಪೆಟ್ಟು ಹೊಡೆಯಿತು. "ಆಮೇಲೆ ಈ ದನಿ. ಗಂಟಲಾಗೆ ಮರಳು ಹಾಕ್ಕಂಡಂಗೆ. ಯಜಮಾನ್ರೆ, ನೀವು ಹಿರೇರು, ನೀವೇ ಹೇಳ್ರಿ. ಇದು ಹೊಳೆದಂಡೆ ಮೇಳ ಏನ್ರಿ?"

"ಮರಳೇನೋ ಐತೆ" ಎಂದರು ಲಾಲ್ ಸಾಬ್. "ಸೂರಪ್ಪ ಆಗಿದ್ರೆ ಹೆಂಗೆ ಹಾಡ್ತಿದ್ದ?"

ಮಾರಪ್ಪ ಕಾಯುತ್ತಿದ್ದವನಂತೆ ಎದ್ದು ಟೇಪು ನಿಲ್ಲಿಸಿದ. ಹಳೆಯ ಪದವೊಂದರ ಸಾಲು ಎತ್ತಿದ. ಚೆನ್ನಾಗಿಯೇ ಎತ್ತಿದ. ಕೊನೆಯಲ್ಲಿ ದನಿಯನ್ನು ಉದ್ದಕ್ಕೆ ಎಳೆದು, ಮೆಲ್ಲಗೆ ಕೆಳಗಿಳಿಸಿ, ಮತ್ತೆ ಒಂದು ಸಲ ಎತ್ತಿ ಬಿಟ್ಟ. "ಈ ಎಳೆತ ಐತಲ್ಲ, ಇದಕ್ಕೆ ಕೇಳ್ರಿ ನಾನು ಮೊಹರಂನಾಗೆ ಪಾಳಿ ತಪ್ಪಿಸಿ ಬರ್ತಿದ್ದೆ. ಇದು ಸೂರಪ್ಪಂಗೆ ಬಿಟ್ರೆ ಯಾರಿಗೂ ಬರಲ್ಲ!"

"ಅದು ಸೂರಪ್ಪಂದಲ್ಲಪ್ಪ. ಅಲ್ಲಿ ಸೂರಪ್ಪ ಉಸಿರು ತಗಂತಿದ್ದ."

"ಮತ್ತೆ ಹಾಡೋರ್ಯಾರು?"

"ಹಿಂದಿನವ್ನು."

"ನೀವ್ಯಾರ್ರಿ?" ಎಂದು ಮಾರಪ್ಪ ಕೇಳಿದ. ಲಾಲ್ ಸಾಬ್ ಹೆಸರು ಹೇಳಲಿಲ್ಲ. ಕೂತಲ್ಲೇ, ಕೈಯಲ್ಲಿ ಚಹಾ ಹಿಡಿದುಕೊಂಡೇ, ಮಾರಪ್ಪ ಬಿಟ್ಟ ಜಾಗದಿಂದ ಆ ಎಳೆತವನ್ನು ಹಿಡಿದರು. ಈಗ ಹೊಗೆ ಹಿಡಿದ ದನಿ, ಒಂದೆರಡು ಕಡೆ ಸೀಳಿತು. ಆದರೂ ಅದೇ ಅದು. ಹತ್ತು ವರ್ಷದ ಹಿಂದೆ ಹೊಳೆ ದಂಡೆಯಲ್ಲಿ ನಿಂತು ಕೇಳಿದ್ದು ಇದನ್ನೇ ಎಂದು ನನ್ನ ಕಿವಿ ಹೇಳಿತು. ಚಹಾ ಉಕ್ಕಿ ಒಲೆಗೆ ಬಿದ್ದು ಚೊಯ್ ಎಂದಿತು. ಅಂಗಡಿಯವನು ಅಲುಗಲಿಲ್ಲ.

ಮಾರಪ್ಪ ಸೋಲುವ ಆಳಲ್ಲ. "ಇರಬಹುದ್ರಿ ಸಾಬ್ರೆ. ಹಂಗಾದ್ರೂ ಸೂರಪ್ಪ ಅಂದ್ರೆ ಸೂರಪ್ಪನೇ."

"ಹೌದಪ್ಪಾ. ನಾನೂ ನಾನೇ."

"ಮತ್ತೆ ಆ ಖಾಲಿ ಜಾಗ? ಅವನ್ನ ಕರೆಸಿ ತುಂಬಸ್ತಾರಂತೆ, ಹೌದೇನು?"

"ಎರಡನೇ ಮಗ್ಗುಲು ಕೇಳೀಯೇನು ನೀನು?"

ಮಾರಪ್ಪ ಇಲ್ಲವೆಂದು ತಲೆಯಾಡಿಸಿದ. ಮೊದಲ ಮಗ್ಗುಲಿಗೇ ಸಿಟ್ಟು ಬಂದು ನಿಲ್ಲಿಸುತ್ತಿದ್ದನಂತೆ. "ಪೂರಾ ಕೇಳಿ ಬೈ. ಅರ್ಧ ಕೇಳಿ ಬೈದ್ರೆ ನಂಗೆ ಸಾಲಲ್ಲ" ಎಂದು ಲಾಲ್ ಸಾಬ್ ತಾವೇ ಎದ್ದು ಕ್ಯಾಸೆಟ್ ಮಗುಚಿ, ಮೊದಲಿಗೆ ಸುತ್ತಿ ಹಾಕಿದರು. ಇಪ್ಪತ್ತು ನಿಮಿಷ ಅಂಗಡಿ ಪೂರ್ತಿ ಕೇಳಿತು. ಕೊನೆಯ ಎಂಟು ಪೆಟ್ಟು ಬಂದಾಗ ಮಾರಪ್ಪ ತೂತು ಎನ್ನಲಿಲ್ಲ. ಚೆನ್ನಾಗಿದೆ ಎಂದೂ ಅನ್ನಲಿಲ್ಲ. "ಇದರ ಬಗ್ಗೆ ಇನ್ನೂ ಮಾತಾಡೋದೈತೆ, ಮುಂದಿನ ವಾರ ಬರ್ರಿ" ಎಂದಷ್ಟೇ ಅಂದ. ಚಹಾದ ಕಾಸು ಮಾತ್ರ ಇವರಿಗೆ ಕೊಡಲು ಬಿಡಲಿಲ್ಲ.

ಅಲ್ಲಿಂದ ಸೀದಾ ಕೆ.ಬಿ. ಬಡಾವಣೆಗೆ ಬಂದೆವು. ಲಾಲ್ ಸಾಬ್ ಕೂರಲೂ ಇಲ್ಲ. "ಹಿದಾಯತ್, ಆ ಜಾಗ ಮುಟ್ಟಬ್ಯಾಡ. ಸಾವಿರ ಬ್ಯಾಡ, ಮುನ್ನೂರೇ ಸಾಕು. ಯಾರ ಫೋಟೊನೂ ಬ್ಯಾಡ, ನಂದೂ ಬ್ಯಾಡ. ಮೇಳದ ಹೆಸರು ಮಾತ್ರ ಅಳಿಸಬ್ಯಾಡ" ಎಂದರು. ಹಿದಾಯತ್ ಮುಖ ಸಣ್ಣದಾಯಿತು. ನಷ್ಟ ನನ್ನದಲ್ಲ ಚಾಚಾ, ನಿಮ್ಮದೇ ಎಂದ. ಅದೂ ನಿಜವೇ. ಆ ಪದ ಇನ್ನು ಮುನ್ನೂರು ಮನೆಯಲ್ಲಷ್ಟೇ ಇರುತ್ತದೆ, ಒಂದೊಂದಾಗಿ ಟೇಪು ಸವೆದು ಹೋಗುತ್ತದೆ.

ಮೊಹರಂಗೆ ಇನ್ನು ಎರಡು ತಿಂಗಳಿಲ್ಲ. ಕಮಿಟಿಯವರು ಇನ್ನೂ ಕೊನೆಯ ಮಾತು ಹೇಳಿಲ್ಲ. ಲಾಲ್ ಸಾಬ್ ಮಾತ್ರ ಸಂಜೆ ಸಂಜೆ ಕಾಟಪ್ಪನನ್ನು ಕರೆಸಿಕೊಂಡು ತಾಲೀಮು ನಡೆಸಿದ್ದಾರೆ. ಕರೆದರೂ ಹೋಗುವುದು, ಕರೆಯದಿದ್ದರೂ ಹೊಳೆ ದಂಡೆಯಲ್ಲಿ ನಿಂತು ಹಾಡುವುದು ಎಂದು ಗಟ್ಟಿ ಮಾಡಿದ್ದಾರೆ. ದಂಡೆ ಯಾವ ಕಮಿಟಿಯದೂ ಅಲ್ಲವಲ್ಲ ಎನ್ನುತ್ತಾರೆ. ಒಂದೇ ಕೊರತೆ, ಹಿಮ್ಮೇಳಕ್ಕೆ ಆಳು ಸಾಲುತ್ತಿಲ್ಲ.

ಮೊನ್ನೆ ಕಮಿಟಿಯ ಹಿರಿಯರೊಬ್ಬರು ದಾರಿಯಲ್ಲಿ ಸಿಕ್ಕು ಮತ್ತೆ ಅದನ್ನೇ ಕೇಳಿದರು. ಏನು ಲಾಲ್ ಸಾಬ್, ಸೂರಪ್ಪನನ್ನು ಕರೆಸುತ್ತೀರೋ ಇಲ್ಲವೋ? ಇವರು ಹೆಗಲ ಮೇಲಿನ ವಸ್ತ್ರ ಕೊಡವಿದರು.

"ಕರೆಸ್ತೀನ್ರಿ, ಯಾಕ ಕರೆಸಬಾರದು? ಬರಾಕೆ ಹೇಳ್ರಿ. ಹಿಂದೆ ಒಂದು ಜಾಗ ಖಾಲಿ ಐತೆ."